ಸೂಡಿಯ ಜೋಡು ಕಳಸದ ಗುಡಿ: ಕಟ್ಟಿಸಿದವನು ಒಬ್ಬ, ನಡೆಸಿದವರು ಯಾರು?

ಗಜೇಂದ್ರಗಡದಿಂದ ಸೂಡಿಗೆ ಸುಮಾರು 12 ಕಿ.ಮೀ. ಇಟಗಿ ಭೀಮಾಂಬಿಕೆಯ ದರ್ಶನಕ್ಕೆ ಬಂದವರಿಗೆ ಇನ್ನೂ ಹತ್ತಿರ. ಊರು ಸಮೀಪಿಸಿದಂತೆ ಎರಡು ಶಿಖರ ಒಟ್ಟಿಗೆ ಕಾಣುತ್ತವೆ. ಎರಡು ಗುಡಿ ಇರಬೇಕು ಅನಿಸುತ್ತದೆ. ಒಳಗೆ ಹೋದರೆ ಒಂದೇ ಗುಡಿ: ಎರಡು ಗರ್ಭಗುಡಿ ಎದುರುಬದುರು, ನಡುವೆ ಒಂದೇ ಮಂಟಪ. ಅದಕ್ಕೇ ಜನ ಜೋಡು ಕಳಸದ ಗುಡಿ ಅಂದರು.

ಇದನ್ನು ಕಟ್ಟಿಸಿದವನು ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ದಂಡನಾಯಕ ನಾಗದೇವ, 1060ರಲ್ಲಿ. ಇಷ್ಟು ಮಾಹಿತಿ ಯಾವ ಪ್ರವಾಸಿ ಪುಸ್ತಕದಲ್ಲೂ ಸಿಗುತ್ತದೆ. ನಮಗೆ ಕಾಡಿದ ಪ್ರಶ್ನೆ ಬೇರೆ. ಕಟ್ಟುವುದು ಒಮ್ಮೆಯ ಖರ್ಚು. ಆಮೇಲೆ ದಿನದ ದೀಪದ ಎಣ್ಣೆ, ಪೂಜಾರಿಯ ಕಾಳು, ಸೋರಿದ ಮಾಳಿಗೆಯ ದುರಸ್ತಿ, ಇದನ್ನೆಲ್ಲ ಯಾರು ನೋಡಿಕೊಂಡರು?

ಉತ್ತರ ಸೂಡಿಯ ಕಲ್ಲುಗಳಲ್ಲೇ ಇದೆ. ಇಲ್ಲಿನ ಶಾಸನಗಳನ್ನು ಬಾರ್ನೆಟ್ ಎಂಬ ವಿದ್ವಾಂಸ ನೂರು ವರ್ಷದ ಹಿಂದೆಯೇ ಓದಿ, ಎಪಿಗ್ರಾಫಿಯಾ ಇಂಡಿಕಾದ 15ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾನೆ. ಆಗ ಊರ ಹೆಸರು ಸೂಂಡಿ. ಕಿಸುಕಾಡು ಎಪ್ಪತ್ತು ಎಂಬ ನಾಡಿಗೆ ಸೇರಿತ್ತು. ಲಕ್ಕುಂಡಿಯಂತೆ ಇಲ್ಲೂ ಟಂಕಸಾಲೆ ಇತ್ತು, ಅಂದರೆ ನಾಣ್ಯ ಅಚ್ಚು ಹಾಕುವ ಜಾಗ. ಇಂದು ಸೂಡಿಯ ಬಸ್ ನಿಲ್ದಾಣದಲ್ಲಿ ನಿಂತು ಇದನ್ನು ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ನಾಡನ್ನು ಆಳುತ್ತಿದ್ದವಳು ಅಕ್ಕಾದೇವಿ. ಇಮ್ಮಡಿ ಜಯಸಿಂಹನ ಅಕ್ಕ, ಸೋಮೇಶ್ವರನಿಗೆ ಸೋದರತ್ತೆ. 1010ರಲ್ಲೇ ಕಿಸುಕಾಡು ಅವಳ ಕೈಯಲ್ಲಿತ್ತು. 1047ರಲ್ಲಿ ದಂಡು ತೆಗೆದುಕೊಂಡು ಹೋಗಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ‘ಗುಣದ ಬೆಡಂಗಿ’ ಅವಳ ಬಿರುದು. ಸೂಡಿಯಲ್ಲಿ ಅಕ್ಕೇಶ್ವರ ಎಂಬ ದೇವರಿಗೂ ದತ್ತಿ ಬಿಟ್ಟ ಶಾಸನವಿದೆ. ಹೆಸರು ನೋಡಿದರೇ ಯಾರ ನೆನಪಿನದು ಎಂದು ತಿಳಿಯುತ್ತದೆ.

ಆದರೆ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು 1050ರ ಆಸುಪಾಸಿನ ಇನ್ನೊಂದು ಶಾಸನ. ಚೋಳರ ಯುದ್ಧದಲ್ಲಿ ಊರು ಕೆಟ್ಟಿತ್ತು, ವ್ಯಾಪಾರಸ್ಥರ ಹಳೆಯ ಕಟ್ಟಳೆಗಳೂ ಕೆಟ್ಟಿದ್ದವು. ಅಧಿಕಾರಿಗಳು ಕೂಡಿ ಎಂಟು ಮಂದಿ ಸೆಟ್ಟಿಗಳಿಗೆ, ಎಂಬತ್ತು ಒಕ್ಕಲಿಗೆ ಆ ಕಟ್ಟಳೆಯನ್ನು ಹೊಸದಾಗಿ ಮಾಡಿಕೊಟ್ಟರು. ಯುದ್ಧ ಮುಗಿದ ಮೇಲೆ ಮೊದಲು ಪೇಟೆ ಎದ್ದಿತು. ಹತ್ತು ವರ್ಷದೊಳಗೆ ಜೋಡು ಕಳಸ ಎದ್ದಿತು. ಈ ಎರಡಕ್ಕೂ ಸಂಬಂಧ ಇಲ್ಲ ಎಂದು ನಮಗೆ ಅನಿಸುವುದಿಲ್ಲ. ಸಂತೆ ನಡೆದರೆ ಸುಂಕ, ಸುಂಕ ಬಂದರೆ ದೇವರಿಗೆ ಪಾಲು.

ಗುಡಿಗೆ ಹೊಲ ಬಿಡುತ್ತಿದ್ದರು, ತೋಟ ಬಿಡುತ್ತಿದ್ದರು. ಆ ಕಾಲದ ದತ್ತಿ ಶಾಸನಗಳಲ್ಲಿ ಪದೇ ಪದೇ ಬರುವ ಒಂದು ಮಾತು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದದ್ದು, ಬಿರುಕು ಬಿಟ್ಟದ್ದನ್ನು ಸರಿಮಾಡಲು ಇಂತಿಷ್ಟು ಎಂದು ಮೊದಲೇ ತೆಗೆದಿಡುವುದು. ಕಟ್ಟುವ ದಿನವೇ ಮುಂದೆ ಒಡೆಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಈ ಗುಡಿಗಳು ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದವು. ಸಂದಿಯಲ್ಲಿ ಒಂದು ಅರಳಿ ಬೀಜ ಬಿದ್ದರೆ ಸಾಕು, ಬೇರು ಇಳಿದು ಕಲ್ಲನ್ನು ಎತ್ತುತ್ತದೆ.

ದೂರದ ಇಂಗ್ಲೆಂಡಿನಲ್ಲೂ ಇದೇ ಲೆಕ್ಕ ಇತ್ತು. ಅಲ್ಲಿನ ಹಳೆಯ ಹಳ್ಳಿ ಚರ್ಚುಗಳಲ್ಲಿ ಪೂಜೆ ನಡೆಯುವ ಭಾಗದ ದುರಸ್ತಿ ಪಾದ್ರಿಯ ಹೊಣೆ, ಜನ ನಿಲ್ಲುವ ಭಾಗದ ದುರಸ್ತಿ ಊರವರ ಹೊಣೆ. ಬೆಳೆಯ ಹತ್ತರಲ್ಲಿ ಒಂದು ಪಾಲು ಚರ್ಚಿಗೆ ಹೋಗುತ್ತಿತ್ತು. ಅಂಥ ಎಷ್ಟೋ ಚರ್ಚುಗಳಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ.

ಸೂಡಿಯಲ್ಲಿ ರಾಜರು ಬದಲಾದರು, ಟಂಕಸಾಲೆ ಹೋಯಿತು, ದೊಡ್ಡ ಪೇಟೆ ಬೇರೆ ಊರುಗಳಿಗೆ ಸರಿಯಿತು. ಗುಡಿ ಉಳಿಯಿತು, ಅದಕ್ಕೆ ಬರುತ್ತಿದ್ದ ಕಾಳು ನಿಂತಿತು. ಈಚೆಗೆ ಪುರಾತತ್ವ ಇಲಾಖೆ ಶಿಖರಗಳನ್ನು ರಿಪೇರಿ ಮಾಡಿದೆ. ಕೆತ್ತನೆಯ ಹೊಂಡ ನಾಗಕುಂಡವನ್ನೂ ನೋಡಿ ಬನ್ನಿ; ಅದರ ಗೋಡೆಯಲ್ಲಿ ಸಣ್ಣ ಸಣ್ಣ ಗುಡಿಗಳನ್ನೇ ಕಡೆದಿದ್ದಾರೆ.

ದತ್ತಿ ಕಸಿದವನು 60,000 ವರ್ಷ ಹೊಲಸಿನ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ ಶಾಸನಗಳ ಕೊನೆಗೆ ಇರುತ್ತದೆ. ಶಾಪಕ್ಕೆ ಎಲ್ಲರೂ ಹೆದರಲಿಲ್ಲ. ಸೂಡಿಯಲ್ಲೇ ಸಿಕ್ಕ ಒಂದು ತಾಮ್ರಪಟ ಗಂಗರ ಬೂತುಗ 938ರಲ್ಲಿ ಬಸದಿಗೆ ಭೂಮಿ ಕೊಟ್ಟ ಎನ್ನುತ್ತದೆ. ಅದನ್ನು ಓದಿದ ಫ್ಲೀಟ್ ಇದು ಆಮೇಲೆ ಹುಟ್ಟಿಸಿದ ಖೋಟಾ ಪಟ ಎಂದು ಬರೆದ. ಹೊಲದ ಕಾಗದ ತಿದ್ದುವವರು ಆಗಲೂ ಇದ್ದರು ಅನ್ನಿ.

ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಲ್ಲಿ ಇಂಥ ಬರಹದ ಕಲ್ಲು ಕಟ್ಟೆಗೋ ಮೆಟ್ಟಿಲಿಗೋ ಸೇರಿದ್ದರೆ ಅದಕ್ಕೆ ಎಣ್ಣೆ, ಸುಣ್ಣ ಹಚ್ಚಬೇಡಿ. ಅಕ್ಷರ ಕಾಣಲಿ ಎಂದು ಮೊಳೆಯಿಂದ ಕೆರೆಯುವುದಂತೂ ಬೇಡವೇ ಬೇಡ. ಬೆಳಿಗ್ಗೆ ಇಲ್ಲವೇ ಸಂಜೆ, ಬಿಸಿಲು ಅಡ್ಡಲಾಗಿ ಬೀಳುವಾಗ ಫೋಟೋ ತೆಗೆದರೆ ಅಕ್ಷರ ತಾವೇ ಎದ್ದು ಕಾಣುತ್ತವೆ. ಊರು, ಓಣಿ ಬರೆದು ನಮಗೆ ಕಳಿಸಿ, ಓದಬಲ್ಲವರಿಗೆ ತಲುಪಿಸುತ್ತೇವೆ.