ಕೊಂಡ ಕಾರು, ಬಾಡಿಗೆ ರಸ್ತೆ

ಹೊಸ ರೇಸಿಂಗ್ ಗೇಮ್ ಒಂದರ ಟ್ರೇಲರ್ ಬಂತು ಅಂದ್ರೆ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಏನೇನು ಚರ್ಚೆ ಆಗುತ್ತೆ ಅನ್ನೋದು ನಿಮಗೂ ಗೊತ್ತಿರುತ್ತೆ. "ನನ್ನ ಗ್ರಾಫಿಕ್ಸ್ ಕಾರ್ಡಲ್ಲಿ ಓಡುತ್ತಾ?" "ಎಷ್ಟು ಜಿಬಿ ಗುರು?" "ಈಗ್ಲೇ ತಗೊಳ್ಳೋದಾ, ಸೇಲ್ ಬರೋವರೆಗೆ ಕಾಯೋದಾ?" 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೋ ಗೇಮ್ ಶೋನಲ್ಲಿ ಫೋರ್ಜಾ ಹೊರೈಜನ್ 6 ಘೋಷಣೆಯಾಗಿ, ಈ ಸಲ ಜಪಾನಿನ ರಸ್ತೆಗಳು ಅಂತ ಗೊತ್ತಾದಾಗಲೂ ಇವೇ ಪ್ರಶ್ನೆಗಳು ಎದ್ದವು. ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ತಗೊಂಡ ಮೇಲೆ ಈ ಗೇಮ್ ನನ್ನ ಹತ್ತಿರ ಎಷ್ಟು ವರ್ಷ ಇರುತ್ತೆ?

"ಅದೆಂಥ ಪ್ರಶ್ನೆ, ತಗೊಂಡ ಮೇಲೆ ನಂದೇ ತಾನೆ" ಅನ್ನಬಹುದು. ಅಷ್ಟು ಸುಲಭ ಇಲ್ಲ. ಯಾಕೆ ಅಂತ ಗೊತ್ತಾಗಬೇಕಾದರೆ ಸುಮಾರು ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮೊದಮೊದಲ ರೇಸಿಂಗ್ ಗೇಮುಗಳಲ್ಲಿ ರಸ್ತೆ ಒಂದೇ. ಎಡಕ್ಕೆ ಬಲಕ್ಕೆ ಸ್ವಲ್ಪ ಸರಿಯಬಹುದು, ಅಷ್ಟೆ. ಆ ಗೋಡೆ ಒಡೆದ ಮೊದಲಿಗರಲ್ಲಿ ಒಂದು ಟರ್ಬೋ ಎಸ್ಪ್ರಿ. ಬ್ರಿಟನ್ನಿನ ಡ್ಯುರೆಲ್ ಸಾಫ್ಟ್‌ವೇರ್ 1986ರಲ್ಲಿ ಹೊರತಂದದ್ದು. ಅದರಲ್ಲಿ ನಾಲ್ಕು ಊರುಗಳು. ಲೋಟಸ್ ಎಸ್ಪ್ರಿ ಕಾರು ಹತ್ತಿ ಯಾವ ಬೀದಿಗೆ ಬೇಕಾದರೂ ತಿರುಗಬಹುದು. ಟ್ರಾಫಿಕ್ ಸಿಗ್ನಲ್ ಇದೆ, ಒನ್ ವೇ ಇದೆ, ರಸ್ತೆ ದಾಟುವ ಜನ ಇದ್ದಾರೆ. ನೆಪಕ್ಕೆ ಕಳ್ಳಸಾಗಣೆಯವರನ್ನು ಹಿಡಿಯುವ ಕೆಲಸ. ನಿಜವಾದ ಮಜಾ ಸುಮ್ಮನೆ ಊರು ಸುತ್ತುವುದರಲ್ಲಿ. ಇಷ್ಟೂ ಓಡಿದ್ದು 48 ಕೆಬಿ ಮೆಮರಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರಿನಲ್ಲಿ. ಇವತ್ತು ನಾವು ಕಳಿಸುವ ಗುಡ್ ಮಾರ್ನಿಂಗ್ ಫೋಟೋ ಕೂಡ ಅದಕ್ಕಿಂತ ದೊಡ್ಡದಿರುತ್ತೆ. ಗೇಮ್ ಬರುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ. ಕ್ಯಾಸೆಟ್ ನಿಮ್ಮ ಮನೆಯ ಕಪಾಟಿನಲ್ಲಿ ಇರುವ ತನಕ ಗೇಮ್ ನಿಮ್ಮದು. ಆಮೇಲೆ ಡ್ಯುರೆಲ್‌ನವರು ಏನಾದರೂ ಆಗಲಿ, ನಿಮ್ಮ ಕ್ಯಾಸೆಟ್ಟಿಗೆ ಏನೂ ಆಗುವುದಿಲ್ಲ.

ಆ ಊರು ದೊಡ್ಡದಾಗಿದ್ದು 1999ರಲ್ಲಿ. ಆ ವರ್ಷ ಎರಡು ಗೇಮುಗಳು ಬಂದವು. ಒಂದು ರಿಫ್ಲೆಕ್ಷನ್ಸ್ ಕಂಪನಿಯ ಡ್ರೈವರ್. ಮಿಯಾಮಿ, ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್, ನ್ಯೂಯಾರ್ಕ್ ನಾಲ್ಕೂ ಅದರಲ್ಲಿದ್ದವು. ಇನ್ನೊಂದು ಏಂಜೆಲ್ ಸ್ಟುಡಿಯೋಸ್ ಮಾಡಿ ಮೈಕ್ರೋಸಾಫ್ಟ್ ಮಾರಿದ ಮಿಡ್‌ಟೌನ್ ಮ್ಯಾಡ್‌ನೆಸ್, ಚಿಕಾಗೋ ನಗರದ್ದು. ಇದರ ಹುಟ್ಟಿನ ಕತೆ ಬೆಂಗಳೂರಿನವರಿಗೆ ಚೆನ್ನಾಗಿ ಅರ್ಥವಾಗುತ್ತೆ. ಮೈಕ್ರೋಸಾಫ್ಟಿನ ಇಬ್ಬರು ಪ್ಯಾರಿಸ್‌ನಲ್ಲಿ ಗಿಜಿಗುಡುವ ರಸ್ತೆಯೊಂದನ್ನು ದಾಟಲು ಒದ್ದಾಡುತ್ತಿದ್ದಾಗ ಈ ಗೇಮಿನ ಐಡಿಯಾ ಹೊಳೆಯಿತಂತೆ. ಆ ಲೆಕ್ಕಕ್ಕೆ ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಷ್ಟು ಹೊತ್ತಿಗೆ ನೂರು ಗೇಮ್ ಹುಟ್ಟಬೇಕಿತ್ತು, ಬಿಡಿ.

ಮಿಡ್‌ಟೌನ್ ಮ್ಯಾಡ್‌ನೆಸ್‌ನಲ್ಲಿ ನಿಜವಾದ ಕಾರುಗಳಿದ್ದವು. ಫೋಕ್ಸ್‌ವ್ಯಾಗನ್ ಬೀಟಲ್ ಇತ್ತು, ಫೋರ್ಡ್ ಮಸ್ಟಾಂಗ್ ಇತ್ತು. ನಿಜವಾದ ಕಾರು ಅಂದ ಮೇಲೆ ಅದರ ಹೆಸರು, ಲಾಂಛನ, ಆಕಾರ ಬಳಸಲು ಕಂಪನಿಯ ಒಪ್ಪಿಗೆ ಬೇಕು. ಆಗ ಇದೊಂದು ಸಣ್ಣ ವಿಷಯ. ಯಾಕೆಂದರೆ ಗೇಮ್ ಸಿಡಿಗೆ ಇಳಿದು, ಡಬ್ಬಿಯಲ್ಲಿ ಕೂತು, ಅಂಗಡಿಯಿಂದ ಮನೆ ಸೇರಿಬಿಡುತ್ತಿತ್ತು. ಮಾರಿದ ಸಿಡಿಯನ್ನು ವಾಪಸ್ ತಗೊಂಡು ಬಾ ಅಂತ ಯಾರೂ ಕೇಳುವಂತಿರಲಿಲ್ಲ.

ನಮ್ಮಲ್ಲಿ ಬಹಳ ಜನಕ್ಕೆ ಈ ಲೋಕದ ಪರಿಚಯ ಆದದ್ದು ನೀಡ್ ಫಾರ್ ಸ್ಪೀಡ್‌ನಿಂದ. 2004ರ ಅಂಡರ್‌ಗ್ರೌಂಡ್ 2ರಲ್ಲಿ ಬೇವ್ಯೂ ಅನ್ನುವ ಕಲ್ಪಿತ ನಗರ, 2005ರ ಮೋಸ್ಟ್ ವಾಂಟೆಡ್‌ನಲ್ಲಿ ರಾಕ್‌ಪೋರ್ಟ್. ಆ ನೀಲಿ-ಬೆಳ್ಳಿ ಬಣ್ಣದ ಬಿಎಂಡಬ್ಲ್ಯು ಎಂ3 ಜಿಟಿಆರ್ ಕಾರನ್ನು ಮರೆತವರು ಯಾರಿದ್ದಾರೆ? ಇಂಜಿನಿಯರಿಂಗ್ ಹಾಸ್ಟೆಲ್ಲುಗಳಲ್ಲಿ, ಸೈಬರ್ ಕೆಫೆಗಳಲ್ಲಿ, ಅಣ್ಣನ ಕಂಪ್ಯೂಟರಿನಲ್ಲಿ ಅದು ಓಡಿದ್ದೇ ಓಡಿದ್ದು. ಎಷ್ಟೋ ಕಡೆ ಅದು ಪೆನ್ನಿನಲ್ಲಿ ಹೆಸರು ಬರೆದ ಸಿಡಿಯಿಂದ ಬಂದದ್ದು ಅನ್ನುವುದೂ ಸುಳ್ಳಲ್ಲ. ಆ ಮೋಸ್ಟ್ ವಾಂಟೆಡ್ ಇವತ್ತು ಯಾವ ಆನ್‌ಲೈನ್ ಅಂಗಡಿಯಲ್ಲೂ ಮಾರಾಟಕ್ಕಿಲ್ಲ. ದುಡ್ಡು ಕೊಡ್ತೀನಿ ಅಂದರೂ ಹೊಸದಾಗಿ ಸಿಗುವುದಿಲ್ಲ. ಆದರೆ ಹಳೇ ಡಿಸ್ಕ್ ಇಟ್ಟುಕೊಂಡವರು ಇವತ್ತಿಗೂ ರಾಕ್‌ಪೋರ್ಟಿನ ಪೊಲೀಸರಿಂದ ತಪ್ಪಿಸಿಕೊಂಡು ಓಡಬಹುದು.

ತಿರುವು ಬಂದದ್ದು 2006ರಲ್ಲಿ. ಫ್ರಾನ್ಸಿನ ಲಿಯಾನ್ ನಗರದ ಈಡನ್ ಗೇಮ್ಸ್ ಟೆಸ್ಟ್ ಡ್ರೈವ್ ಅನ್‌ಲಿಮಿಟೆಡ್ ಅನ್ನು ಹೊರತಂದಿತು. ಹವಾಯಿಯ ಓಆಹು ದ್ವೀಪವನ್ನು ಅವರು ಸುಮಾರು 1,600 ಕಿಲೋಮೀಟರ್ ರಸ್ತೆಯ ಸಮೇತ ಕಂಪ್ಯೂಟರಿನೊಳಗೆ ಇಳಿಸಿದರು. ಅದಕ್ಕಿಂತ ದೊಡ್ಡ ಸಂಗತಿ, ಆ ರಸ್ತೆಗಳಲ್ಲಿ ನಿಮ್ಮ ಎದುರು ಬರುವ ಕಾರನ್ನು ಇನ್ನೊಂದು ದೇಶದಲ್ಲಿ ಕೂತ ಇನ್ಯಾರೋ ಓಡಿಸುತ್ತಿರಬಹುದಿತ್ತು. ಲೈಟ್ ಮಿನುಗಿಸಿ ಪಂದ್ಯಕ್ಕೆ ಕರೆಯಬಹುದಿತ್ತು. ರೇಸ್ ಇರಲಿ ಬಿಡಲಿ, ಸುಮ್ಮನೆ ಸಮುದ್ರದ ಪಕ್ಕದ ರಸ್ತೆಯಲ್ಲಿ ಜೊತೆಯಾಗಿ ಹೋಗುವುದೇ ಒಂದು ಸುಖ. ಅದು ಸಾಧ್ಯವಾಗಲು ಮಾತ್ರ ಎಲ್ಲೋ ಒಂದು ಸರ್ವರ್ ಓಡುತ್ತಿರಬೇಕು, ಅದರ ಕರೆಂಟ್ ಬಿಲ್ಲನ್ನು ಯಾರೋ ಕಟ್ಟುತ್ತಿರಬೇಕು. ರಸ್ತೆ ಸಂಪೂರ್ಣವಾಗಿ ನಿಮ್ಮ ಕಪಾಟಿನಲ್ಲಿ ಇರುವ ಕಾಲ ಮುಗಿಯತೊಡಗಿದ್ದು ಅಲ್ಲಿಂದ.

2012ರಲ್ಲಿ ಇಂಗ್ಲೆಂಡಿನ ಪ್ಲೇಗ್ರೌಂಡ್ ಗೇಮ್ಸ್ ಮೊದಲ ಫೋರ್ಜಾ ಹೊರೈಜನ್ ಮಾಡಿತು. ಅಮೆರಿಕದ ಕೊಲರಾಡೋ, ಒಂದು ಸಂಗೀತ ಹಬ್ಬ, ಕಾರಿನ ರೇಡಿಯೋದಲ್ಲಿ ನಿಜವಾದ ಹಾಡುಗಳು, ಓಡಿಸಲು ನಿಜವಾದ ಕಾರುಗಳು. ಜನಕ್ಕೆ ಹುಚ್ಚು ಹಿಡಿಯಿತು. 2014ರಲ್ಲಿ ದಕ್ಷಿಣ ಫ್ರಾನ್ಸ್ ಮತ್ತು ಉತ್ತರ ಇಟಲಿ, 2016ರಲ್ಲಿ ಆಸ್ಟ್ರೇಲಿಯಾ, 2018ರಲ್ಲಿ ಬ್ರಿಟನ್, 2021ರಲ್ಲಿ ಮೆಕ್ಸಿಕೋ. ಪಾಸ್‌ಪೋರ್ಟ್ ಇಲ್ಲದೆ ಇಷ್ಟು ದೇಶ ಸುತ್ತಿಸಿದ ಸರಣಿ ಇನ್ನೊಂದಿಲ್ಲ.

ಈಗ ಇನ್ನೊಂದು ಪಟ್ಟಿ ನೋಡಿ. ಮೊದಲ ಹೊರೈಜನ್ 2016ರ ಅಕ್ಟೋಬರ್‌ನಲ್ಲಿ ಅಂಗಡಿಯಿಂದ ಮಾಯ. ಎರಡನೆಯದು 2018ರ ಸೆಪ್ಟೆಂಬರ್‌ನಲ್ಲಿ, ಮೂರನೆಯದು 2020ರ ಸೆಪ್ಟೆಂಬರ್‌ನಲ್ಲಿ. ಲೆಕ್ಕ ಹಾಕಿ: ಮೂರಕ್ಕೂ ನಾಲ್ಕು ನಾಲ್ಕು ವರ್ಷ ಆಯಸ್ಸು. ನಾಲ್ಕನೆಯದು ಸ್ವಲ್ಪ ಗಟ್ಟಿ, ಆರು ವರ್ಷ ದಾಟಿ 2024ರ ಡಿಸೆಂಬರ್ 15ರವರೆಗೆ ಬಾಳಿತು.

ಯಾಕೆ ಹೀಗೆ? ಯಾರೂ ಆಡುತ್ತಿರಲಿಲ್ಲ ಅಂತಲ್ಲ. ಗೇಮಿನೊಳಗೆ ಇರುವ ಪ್ರತಿಯೊಂದು ಕಾರಿಗೂ, ಪ್ರತಿಯೊಂದು ಹಾಡಿಗೂ ಒಂದೊಂದು ಕರಾರು ಇರುತ್ತೆ. ಕರಾರಿಗೆ ಅವಧಿ ಇರುತ್ತೆ. ಅವಧಿ ಮುಗಿದ ಮೇಲೆ ನೂರಾರು ಕಾರು ಕಂಪನಿ, ಸಂಗೀತ ಕಂಪನಿಗಳ ಜೊತೆ ಮತ್ತೆ ಕೂತು ಮಾತಾಡಿ, ಮತ್ತೆ ದುಡ್ಡು ಕೊಟ್ಟು ಹಳೇ ಗೇಮನ್ನು ಮಾರುವುದಕ್ಕಿಂತ, ಅಂಗಡಿಯಿಂದ ತೆಗೆದು ಹೊಸದನ್ನು ಮಾರುವುದು ಸುಲಭ. ಈ ಕರಾರುಗಳ ಜೋರು ಎಷ್ಟಿದೆ ಅಂತ ಗೊತ್ತಾಗಬೇಕಾದರೆ ಪೋರ್ಶೆ ಕತೆ ಸಾಕು. 2000ದಿಂದ 2016ರವರೆಗೆ ಪೋರ್ಶೆ ಹೆಸರು ಬಳಸುವ ಹಕ್ಕನ್ನು ಇಎ ಕಂಪನಿ ಹಿಡಿದಿಟ್ಟುಕೊಂಡಿತ್ತು. ಬೇರೆಯವರು ಒಂದೋ ಅವರ ಹತ್ತಿರ ಕೇಳಿ ಪಡೆಯಬೇಕು, ಇಲ್ಲವೇ ಪೋರ್ಶೆ ಆಧಾರದ ಮೇಲೆ ಕಾರು ಮಾಡುವ ರೂಫ್ ಅನ್ನುವ ಜರ್ಮನ್ ಕಂಪನಿಯ ಕಾರು ಹಾಕಬೇಕು. ಆ ಕಾಲದ ಗ್ರಾನ್ ಟೂರಿಸ್ಮೋದಲ್ಲಿ ಪೋರ್ಶೆ ಬದಲು ರೂಫ್ ಯಾಕಿತ್ತು ಅಂತ ತಲೆ ಕೆರೆದುಕೊಂಡವರಿಗೆ ಉತ್ತರ ಇದೇ.

ಅಂದರೆ ನೋಡಿ, ನಾವು ಈ ಗೇಮುಗಳನ್ನು ಯಾವ ಕಾರಣಕ್ಕೆ ಇಷ್ಟಪಡುತ್ತೇವೋ ಅದೇ ಕಾರಣಕ್ಕೆ ಅವು ಬೇಗ ಸಾಯುತ್ತವೆ. ಕತ್ತಿ, ಡ್ರ್ಯಾಗನ್ ಇರುವ ಗೇಮಿಗೆ ಡ್ರ್ಯಾಗನ್ ಕಂಪನಿಯ ಅನುಮತಿ ಬೇಕಿಲ್ಲ. ಫೆರಾರಿ ಇರುವ ಗೇಮಿಗೆ ಬೇಕು.

ಆದರೂ ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಅಂಗಡಿಯಿಂದ ತೆಗೆಯುವುದು ಬೇರೆ, ಗೇಮನ್ನೇ ಕೊಲ್ಲುವುದು ಬೇರೆ. ಹೊರೈಜನ್ 3 ತಗೊಂಡಿದ್ದವರು ಇವತ್ತೂ ಆಡಬಹುದು. ಮೊದಲ ಎರಡು ಹೊರೈಜನ್‌ಗಳ ಆನ್‌ಲೈನ್ ಸೇವೆ 2023ರ ಆಗಸ್ಟ್‌ನಲ್ಲಿ ನಿಂತರೂ ಒಬ್ಬರೇ ಆಡುವುದಕ್ಕೆ ಅಡ್ಡಿಯಾಗಲಿಲ್ಲ. ಹೊಸ ಗಿರಾಕಿಗೆ ಬಾಗಿಲು ಮುಚ್ಚಿತು, ಹಳೆಯವರನ್ನು ಹೊರಗೆ ಹಾಕಲಿಲ್ಲ.

ಹೊರಗೆ ಹಾಕಿದ್ದು ದಿ ಕ್ರೂ. ಲಿಯಾನ್‌ನ ಈಡನ್ ಗೇಮ್ಸ್ ಬಿಟ್ಟು ಬಂದವರು ಕಟ್ಟಿದ ಐವರಿ ಟವರ್ ಸ್ಟುಡಿಯೋದ ಗೇಮ್ ಅದು, ಯೂಬಿಸಾಫ್ಟ್ 2014ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಇಡೀ ಅಮೆರಿಕವನ್ನು ಚಿಕ್ಕದು ಮಾಡಿ ಒಂದೇ ನಕ್ಷೆಯಲ್ಲಿ ಕೂರಿಸಿದ್ದರು. ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಕಾರಿನಲ್ಲಿ ಸುಮಾರು ಮುಕ್ಕಾಲು ಗಂಟೆ. ಆದರೆ ಒಬ್ಬರೇ ಕೂತು ಕತೆಯ ಭಾಗ ಆಡಬೇಕಾದರೂ ಇಂಟರ್‌ನೆಟ್ ಬೇಕು, ಯೂಬಿಸಾಫ್ಟ್ ಸರ್ವರ್ ಬೇಕು. 2023ರ ಡಿಸೆಂಬರ್‌ನಲ್ಲಿ ಮಾರಾಟ ನಿಲ್ಲಿಸಿದರು. ಸರ್ವರ್ ವ್ಯವಸ್ಥೆ ಮತ್ತು ಲೈಸೆನ್ಸ್ ತೊಡಕು ಅನ್ನುವುದು ಅವರು ಕೊಟ್ಟ ಕಾರಣ. 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್. ಡಿಸ್ಕ್ ಇಟ್ಟುಕೊಂಡವರ ಕೈಯಲ್ಲಿ ಉಳಿದದ್ದು ಒಂದು ಪ್ಲಾಸ್ಟಿಕ್ ತಟ್ಟೆ. ಕೆಲವೇ ದಿನಗಳಲ್ಲಿ ಆಟಗಾರರ ಖಾತೆಗಳಿಂದ ಗೇಮಿನ ಲೈಸೆನ್ಸನ್ನೂ ವಾಪಸ್ ತಗೊಂಡರು. ಕಪಾಟಿನ ಪುಸ್ತಕವನ್ನು ಪ್ರಕಾಶಕರೇ ಮನೆಗೆ ಬಂದು ಎತ್ತಿಕೊಂಡು ಹೋದ ಹಾಗೆ.

ಇದು ಬರೀ ಗೇಮ್ ಆಡುವವರ ಗೊಣಗಾಟ ಆಗಿ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಯೂಟ್ಯೂಬರ್ ರಾಸ್ ಸ್ಕಾಟ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅನ್ನುವ ಚಳವಳಿ ಶುರು ಮಾಡಿದರು. ಕೇಳಿದ್ದು ಇಷ್ಟೆ: ಸರ್ವರನ್ನು ಶಾಶ್ವತವಾಗಿ ಓಡಿಸಿ ಅನ್ನುತ್ತಿಲ್ಲ, ಕೈಬಿಡುವಾಗ ಗೇಮ್ ಹೇಗಾದರೂ ನಡೆಯುವ ಸ್ಥಿತಿಯಲ್ಲಿ ಬಿಟ್ಟು ಹೋಗಿ. ಯುರೋಪಿಯನ್ ಒಕ್ಕೂಟಕ್ಕೆ ಸಲ್ಲಿಸುವ ನಾಗರಿಕರ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಕ್ಯಾಲಿಫೋರ್ನಿಯಾದಲ್ಲಿ ಕೆಲವು ಆಟಗಾರರು ಕೋರ್ಟಿಗೆ ಹೋದರು. ಗಿರಾಕಿ ಕೊಂಡದ್ದು ಸೀಮಿತ ಪರವಾನಗಿ, ಒಡೆತನವಲ್ಲ ಅನ್ನುವುದು ಕಂಪನಿಯ ವಾದ. ಅದೇ ರಾಜ್ಯದಲ್ಲಿ 2025ರ ಜನವರಿ 1ರಿಂದ ಹೊಸ ಕಾನೂನು ಜಾರಿಗೆ ಬಂತು. ಡಿಜಿಟಲ್ ವಸ್ತುವಿಗೆ 'ಕೊಳ್ಳಿ' ಅಂತ ಬಟನ್ ಹಾಕುವವರು, ನೀವು ಪಡೆಯುತ್ತಿರುವುದು ಪರವಾನಗಿ ಮಾತ್ರ ಅಂತ ಸ್ಪಷ್ಟವಾಗಿ ಹೇಳಬೇಕು. ಸ್ಟೀಮ್ ಅಂಗಡಿ ಅದಕ್ಕೂ ಮೊದಲೇ, 2024ರ ಅಕ್ಟೋಬರ್‌ನಲ್ಲಿ, ದುಡ್ಡು ಕಟ್ಟುವ ಪುಟದಲ್ಲಿ ಆ ಸಾಲು ಸೇರಿಸಿತು.

ಗಲಾಟೆಯಿಂದ ಉಪಯೋಗವೂ ಆಯಿತು. ಸತ್ತ ಗೇಮನ್ನು ಅಭಿಮಾನಿಗಳೇ ಬಿಚ್ಚಿ ನೋಡಿ, ಸ್ವಂತ ಸರ್ವರ್ ಬರೆದು, 2025ರ ಸೆಪ್ಟೆಂಬರ್‌ನಲ್ಲಿ ದಿ ಕ್ರೂವನ್ನು ಕಂಪ್ಯೂಟರಿನಲ್ಲಿ ಮತ್ತೆ ಓಡಿಸಿದರು. ಮರು ತಿಂಗಳೇ ಯೂಬಿಸಾಫ್ಟ್ ತಾನು ಮಾತು ಕೊಟ್ಟಿದ್ದಂತೆ ದಿ ಕ್ರೂ 2ಕ್ಕೆ ಇಂಟರ್‌ನೆಟ್ ಇಲ್ಲದೆ ಆಡುವ ದಾರಿ ಮಾಡಿಕೊಟ್ಟಿತು. ಮಾಡಲು ಮನಸ್ಸಿದ್ದರೆ ಸಾಧ್ಯ ಅಂತಾಯಿತು.

ಸರಿ, ಈಗ ಮೊದಲ ಪ್ರಶ್ನೆಗೆ ಬರೋಣ. ಹೊಸ ಗೇಮ್ ತಗೊಳ್ಳೋದಾ, ಬೇಡವಾ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಲೆಕ್ಕ ಹೊಸದಲ್ಲ. ಬಾಡಿಗೆ ಮನೆ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಅಲ್ಲೂ ಸಂಸಾರ ನಡೆಯುತ್ತೆ, ಹಬ್ಬ ಆಗುತ್ತೆ. ಆದರೆ ಬಾಡಿಗೆ ಮನೆಗೆ ಯಾರೂ ಸ್ವಂತ ಮನೆಯ ರೇಟ್ ಕೊಡುವುದಿಲ್ಲ. ಮತ್ತೆ ಅಲ್ಲಿ ಅಗ್ರಿಮೆಂಟಿನಲ್ಲಿ 11 ತಿಂಗಳು ಅಂತ ಬರೆದಿರುತ್ತೆ. ಗೇಮಿನ ಅಗ್ರಿಮೆಂಟಿನಲ್ಲಿ ತಾರೀಖೇ ಇರುವುದಿಲ್ಲ. ಆ ತಾರೀಖನ್ನು ಇತಿಹಾಸ ನೋಡಿ ನಾವೇ ಊಹಿಸಿಕೊಳ್ಳಬೇಕು.

ಹಾಗಾಗಿ ಮೂರು ವಿಷಯ ನೋಡಿ. ಮೊದಲನೆಯದು, ಇಂಟರ್‌ನೆಟ್ ತೆಗೆದರೆ ಗೇಮ್ ನಡೆಯುತ್ತಾ? ನಡೆಯುತ್ತೆ ಅಂದರೆ ಅದು ಹೊರೈಜನ್ ಜಾತಿ, ಅಂಗಡಿ ಮುಚ್ಚಿದರೂ ನಿಮಗೆ ಜಾಗ ಇರುತ್ತೆ. ಇಲ್ಲ ಅಂದರೆ ಅದು ದಿ ಕ್ರೂ ಜಾತಿ. ಎಷ್ಟೇ ಚೆಂದ ಇದ್ದರೂ ಪೂರ್ತಿ ಬೆಲೆ ಕೊಡುವ ಮೊದಲು ಎರಡು ಸಲ ಯೋಚಿಸಿ. ಎರಡನೆಯದು, ಮುಂದಿನ ಆರು ತಿಂಗಳಲ್ಲಿ ನಿಜವಾಗಿ ಆಡಲು ಪುರಸೊತ್ತು ಇದೆಯಾ? "ಸೇಲ್‌ನಲ್ಲಿತ್ತು, ತಗೊಂಡಿಟ್ಟೆ, ನಿಧಾನಕ್ಕೆ ಆಡ್ತೀನಿ" ಅನ್ನುವುದು ಪುಸ್ತಕಕ್ಕೆ ಸರಿ, ಈ ಜಾತಿಯ ಗೇಮಿಗೆ ಅಲ್ಲ. ಒಂದು ತಿಂಗಳು ಮಾತ್ರ ಆಡುವವರಿಗೆ ಗೇಮ್ ಪಾಸ್ ತರಹದ ತಿಂಗಳ ಚಂದಾ ಸಾಕು. ಅದು ಬಾಡಿಗೆ ಅಂತ ಮುಚ್ಚುಮರೆ ಇಲ್ಲದೆ ಹೇಳುವುದರಿಂದ ಅದರಲ್ಲಿ ಮೋಸವೂ ಇಲ್ಲ. ಮೂರನೆಯದು, ಬಿಡಿಯಾಗಿ ಮಾರುವ ಕಾರುಗಳು. ಮೂಲ ಗೇಮಿನ ಮೇಲೆ ಮತ್ತೆ ಮತ್ತೆ ದುಡ್ಡು ಸುರಿದು ಕೊಳ್ಳುವ ಕಾರುಗಳೂ ಅದೇ ರಸ್ತೆಯ ಮೇಲೆ ನಿಂತಿರುತ್ತವೆ. ರಸ್ತೆ ಹೋದ ದಿನ ಅವೂ ಹೋಗುತ್ತವೆ.

ನನ್ನನ್ನು ಕೇಳಿದರೆ, ಜಪಾನಿನ ಬೆಟ್ಟದ ತಿರುವುಗಳಲ್ಲಿ ಶನಿವಾರ ರಾತ್ರಿ ಗೆಳೆಯರ ಜೊತೆ ಕಾರು ಓಡಿಸುವ ಆಸೆ ಇದ್ದರೆ ಧಾರಾಳವಾಗಿ ತಗೊಳ್ಳಿ. ಆ ಶನಿವಾರಗಳಿಗೆ ಕೊಟ್ಟ ದುಡ್ಡು ಅಂದುಕೊಳ್ಳಿ, ಆಸ್ತಿಗೆ ಅಂದುಕೊಳ್ಳಬೇಡಿ. ಮತ್ತೆ, ಆ ಹಳೇ ಮೋಸ್ಟ್ ವಾಂಟೆಡ್‌ನ ಡಿಸ್ಕ್ ಊರಿನ ಮನೆಯ ಡ್ರಾಯರಿನಲ್ಲಿ ಇನ್ನೂ ಬಿದ್ದಿದ್ದರೆ ಅಮ್ಮನಿಗೆ ಇವತ್ತೇ ಫೋನ್ ಮಾಡಿ, ದಯವಿಟ್ಟು ಬಿಸಾಡಬೇಡಿ ಅಂತ ಹೇಳಿ.