ಅಂಗಳದ ಗ್ಯಾರೇಜು

ಹೈದರಾಬಾದಿಗೂ ಸೊಲ್ಲಾಪುರಕ್ಕೂ ಹೆಚ್ಚುಕಡಿಮೆ ನಟ್ಟನಡುವೆ ನಮ್ಮ ಹುಮನಾಬಾದ. ಆ ಕಡೆ ಸುಮಾರು 150 ಕಿಲೋಮೀಟರ್, ಈ ಕಡೆಯೂ ಅಷ್ಟೇ. ಬೀದರಿನಿಂದ ಕಲಬುರಗಿಗೆ ಹೋಗುವ ದಾರಿ ಹೈದರಾಬಾದು–ಸೊಲ್ಲಾಪುರ ಹೆದ್ದಾರಿಯನ್ನು ಇಲ್ಲೇ ಹಾಯುತ್ತದೆ. ಪಶ್ಚಿಮಕ್ಕೆ ಮುಂದುವರಿದರೆ ಸಸ್ತಾಪುರ ಬಂಗ್ಲಾ, ಅಲ್ಲಿಂದ ಹೊರಳಿದರೆ ಬಸವಕಲ್ಯಾಣ. ಹುಮನಾಬಾದ, ಬಸವಕಲ್ಯಾಣ ಎರಡೂ ಊರುಗಳಲ್ಲಿ ಕಾರಿನ ಬಾನೆಟ್ ಎತ್ತಿ ತಾವೇ ಕೆಲಸಕ್ಕೆ ನಿಲ್ಲುವವರು ಬಹಳ ಮಂದಿ. ಆಯಿಲ್ ಬದಲಿಸುವುದು, ಏರ್ ಫಿಲ್ಟರ್ ಝಾಡಿಸುವುದು, ಬ್ಯಾಟರಿ ಟರ್ಮಿನಲ್ ತಿಕ್ಕುವುದು ಇವೆಲ್ಲ ಮನೆಗೆಲಸವೆಂದೇ ಬಹಳ ದಿನ ನಡೆದುಬಂದಿದೆ. ಕಲ್ಯಾಣದ ಚರಿತ್ರೆ ಬರೆದವರು ಚಾಲುಕ್ಯರ ಬಗ್ಗೆ, ಶರಣರ ಬಗ್ಗೆ, ನಿಜಾಮರ ಬಗ್ಗೆ ಬರೆದಿದ್ದಾರೆ, ಬರೆಯಲೇಬೇಕಾದದ್ದು ಅದು. ಆದರೆ ಈ ಅಂಗಳದ ಕೆಲಸಕ್ಕೂ ಒಂದು ಚರಿತ್ರೆ ಇದೆ. ಅದು ರಸ್ತೆಯಿಂದ ಬಂದದ್ದು.

ಮೋಟಾರು ಬರುವ ಮುಂಚೆ ಇಲ್ಲಿ ಓಡಿದ್ದು ಬಂಡಿ. ಔಡಲೆಣ್ಣೆಗೆ ಮಸಿ ಕಲಸಿದ ಕೀಲೆಣ್ಣೆಯನ್ನು ಬಂಡಿಯವರು ಜೊತೆಗೇ ಇಟ್ಟುಕೊಂಡು ಹೋಗುತ್ತಿದ್ದರು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಬಂಡಿ ಕಟ್ಟುವ ಮುನ್ನ ಗಾಲಿ ಕಳಚಿ, ಇರಸು ಒರೆಸಿ, ಎಣ್ಣೆ ಹಚ್ಚಿ, ಕಡೆಗೀಲು ಬಡಿಯುವುದು ಮನೆಯ ಗಂಡಸರ ಕೆಲಸ. ಗಾಲಿಗೆ ಹಳಿ ಕಟ್ಟಲು ಕಮ್ಮಾರ ಬೇಕು, ಅರೆ ಮುರಿದರೆ ಬಡಿಗ ಬೇಕು. ಎಣ್ಣೆ ಹಚ್ಚಲು ಯಾರನ್ನೂ ಕರೆಯುತ್ತಿರಲಿಲ್ಲ. ಮುದನೂರಿನ ಜೇಡರ ದಾಸಿಮಯ್ಯ ಬಂಡಿಯ ಕಡೆಗೀಲಿನ ಮೇಲೆ ವಚನ ಬರೆದ ಸೀಮೆ ಇದು. ಆ ವಚನ ಕೇಳಿದವರಿಗೆ ಕಡೆಗೀಲು ಎಂದರೇನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ, ಅದನ್ನು ತಮ್ಮ ಕೈಯಾರೆ ಬಡಿದವರು ಅವರು. ದೊಡ್ಡ ರಿಪೇರಿ ಕಸುಬುದಾರನಿಗೆ, ದಿನದ ಆರೈಕೆ ಒಡೆಯನಿಗೆ ಎಂಬ ಪಾಲು ಆಗಲೇ ಆಗಿತ್ತು.

1932ರ ಜೂನ್‌ನಲ್ಲಿ ನಿಜಾಮ್ ಸಂಸ್ಥಾನದ ರೈಲ್ವೆ ಇಲಾಖೆ ಬಸ್ಸು ಓಡಿಸಲು ಶುರುಮಾಡಿತು. 27 ಬಸ್ಸು, 166 ನೌಕರರು. ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯ ಬಸ್ಸುಗಳು ಸಂಸ್ಥಾನದ ರಸ್ತೆಗಳಲ್ಲಿ ಓಡಿದವು. ಬೀದರ್ ಸೀಮೆ ಆಗ ಹೈದರಾಬಾದಿನ ಕೈಕೆಳಗೆ. ಇಂದಿನ ಬಸವಕಲ್ಯಾಣ ಆಗ ಕಲ್ಯಾಣಿ, ನವಾಬರ ಜಹಗೀರು. ದೊಡ್ಡ ಕಾರ್ಖಾನೆ, ಬಿಡಿಭಾಗ, ತಿಳಿದ ಮಿಸ್ತ್ರಿ ಎಲ್ಲವೂ ಇದ್ದದ್ದು ದೂರದ ರಾಜಧಾನಿಯಲ್ಲಿ. ನಡುದಾರಿಯಲ್ಲಿ ರೇಡಿಯೇಟರ್ ಕುದಿದರೆ, ಪ್ಲಗ್ ಕರಿಕಟ್ಟಿದರೆ ಡ್ರೈವರೇ ಇಳಿದು ನೋಡಬೇಕು. ಹಾಗಾಗಿ ಈ ರಸ್ತೆಯಲ್ಲಿ ಗಾಡಿ ನಡೆಸುವುದನ್ನು ಕಲಿತವನು ಗಾಡಿ ಬಿಚ್ಚುವುದನ್ನೂ ಕಲಿತ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ರಾಜ್ಯಗಳು ಭಾಷೆಯ ಮೇಲೆ ಮರುವಿಂಗಡಣೆಯಾದಾಗ ನಮ್ಮ ಜಿಲ್ಲೆಯೂ ಹರಿದು ಹಂಚಿಹೋಯಿತು. ಝಹೀರಾಬಾದು ಆಂಧ್ರಕ್ಕೆ, ಉದಗೀರ ಮತ್ತು ನಿಲಂಗಾ ಮುಂಬಯಿ ರಾಜ್ಯಕ್ಕೆ, ನಾವು ಮೈಸೂರು ರಾಜ್ಯಕ್ಕೆ. ಒಂದೇ ರಸ್ತೆ ಮೂರು ಸರಕಾರಗಳ ಪಾಲಾಯಿತು. ಪರ್ಮಿಟ್ಟು, ತೆರಿಗೆ, ಚೆಕ್‌ಪೋಸ್ಟು ಎಂದು ಗಡಿಯ ಎರಡೂ ಮಗ್ಗುಲಲ್ಲಿ ಲಾರಿಗಳು ನಿಲ್ಲತೊಡಗಿದವು. ಲಾರಿ ನಿಂತಲ್ಲಿ ಚಹಾದ ಅಂಗಡಿ, ಪಂಕ್ಚರ್ ಅಂಗಡಿ, ಅದರ ಪಕ್ಕದಲ್ಲಿ ತಗಡಿನ ಗ್ಯಾರೇಜು. ಸಸ್ತಾಪುರ ಬಂಗ್ಲಾದ ಸುತ್ತಮುತ್ತ ಬೆಳೆದದ್ದು ಈ ಬಗೆಯ ಪೇಟೆ. ಮುಂದೆ ಬಸವಕಲ್ಯಾಣದ ಆಟೋನಗರ ಲಾರಿಯ ಬಾಡಿ ಕಟ್ಟುವುದಕ್ಕೆ, ಎಂಜಿನ್ ಕೆಲಸಕ್ಕೆ, ಹಳೇ ಸಾಮಾನಿಗೆ ಹೆಸರಾಯಿತು. ಬೀದರಿನದು ಕೆಎ–38, ಭಾಲ್ಕಿಯದು ಕೆಎ–39. ತಾಲೂಕು ಊರಾದ ಬಸವಕಲ್ಯಾಣಕ್ಕೆ ಕೆಎ–56 ಎಂಬ ತನ್ನದೇ ನೋಂದಣಿ ಸಂಖ್ಯೆ ಇದೆ ಎಂದರೆ ಇಲ್ಲಿ ಗಾಡಿಗಳೆಷ್ಟು ಎಂದು ಬೇರೆ ಹೇಳಬೇಕಿಲ್ಲ.

ಆ ಗ್ಯಾರೇಜುಗಳೇ ನಮ್ಮ ಸೀಮೆಯ ತಾಂತ್ರಿಕ ಶಾಲೆಗಳು. ಉಸ್ತಾದ ಒಬ್ಬ, ಅವನ ಕೈಕೆಳಗೆ ಶಾಗಿರ್ದ ಹುಡುಗರು. ಹೊಸದಾಗಿ ಬಂದ ಹುಡುಗ ಮೊದಲು ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯಬೇಕು. ತೊಳೆಯುತ್ತ ತೊಳೆಯುತ್ತ ಯಾವ ಭಾಗ ಎಲ್ಲಿಯದು ಎಂಬುದು ಅವನ ಕೈಗೆ ಗೊತ್ತಾಗುತ್ತದೆ. ಆಮೇಲೆ ಕೇಳಿದ ನಂಬರಿನ ಪಾನಾ ಕೊಡುವುದು, ಅದರ ಮೇಲೆ ನಟ್ ಸಡಿಲಿಸುವುದು. ಎಂಜಿನ್ ಮುಟ್ಟುವ ಹೊತ್ತಿಗೆ ಅವನಿಗೆ ಮೀಸೆ ಚಿಗುರಿರುತ್ತಿತ್ತು. ಕನ್ನಡ, ದಖನಿ, ಮರಾಠಿ, ತೆಲುಗು ನಾಲ್ಕೂ ಅಲ್ಲಿ ಕಿವಿಗೆ ಬೀಳುತ್ತಿದ್ದವು, ಯಾರ ಜಾತಿ ಯಾವುದೆಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಲಾರಿಯ ಕ್ಲೀನರ್ ಹುಡುಗರು ಕಲಿತದ್ದೂ ಅಲ್ಲೇ. ಅವರು ಡ್ರೈವರಾದರು, ಮದುವೆಯಾಗಿ ಊರಲ್ಲಿ ಮನೆ ಮಾಡಿದರು, ಆ ವಿದ್ಯೆ ಅವರ ಹಿಂದೆಯೇ ಮನೆಗೆ ಬಂತು.

ನಮ್ಮ ಮನೆಗೆ ಬಂದದ್ದು ಹಾಗೆಯೇ. ಕಾಕಾ ಹೈದರಾಬಾದು–ಪುಣೆ ಲೈನಿನ ಮೇಲೆ ಲಾರಿ ಓಡಿಸುತ್ತಿದ್ದ. ಅಪ್ಪ ಸೆಕೆಂಡ್‌ಹ್ಯಾಂಡ್ ಅಂಬಾಸಿಡರ್ ಒಂದನ್ನು ಕೊಂಡಾಗ ಅದರ ಯೋಗಕ್ಷೇಮವೆಲ್ಲ ಕಾಕಾನದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ 1950ರ ದಶಕದ ಕೊನೆಗೆ ಹುಟ್ಟಿದ ಗಾಡಿ ಅದು, 1489 ಸಿಸಿ ಎಂಜಿನ್ನು. ಬಾನೆಟ್ ಎತ್ತಿದರೆ ಒಳಗೆ ಎರಡೂ ತೋಳು ಇಳಿಸುವಷ್ಟು ಜಾಗ. ಯಾವುದು ಏನು ಮಾಡುತ್ತದೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಸ್ವಂತ ಸರ್ವಿಸು ಊರೂರಲ್ಲಿ ಹಬ್ಬಲು ಇದೂ ಒಂದು ಕಾರಣ. ಪುಸ್ತಕ ಓದದವರೂ ನೋಡಿ ಕಲಿಯಬಹುದಾದ ಯಂತ್ರ ಅದಾಗಿತ್ತು.

ಕಾಕಾ ನನಗೆ ಮೊದಲು ಕಲಿಸಿದ್ದು ಪಾಯಿಂಟ್ ಸೆಟ್ ಮಾಡುವುದನ್ನು. ಡಿಸ್ಟ್ರಿಬ್ಯೂಟರಿನ ಮುಚ್ಚಳದ ಎರಡು ಕ್ಲಿಪ್ ಸರಿಸಿ, ರೋಟರ್ ಎತ್ತಿಟ್ಟರೆ ಕೆಳಗೆ ಎರಡು ಚಿಕ್ಕ ಲೋಹದ ತುದಿಗಳು ಎದುರುಬದುರು ಕೂತಿರುತ್ತವೆ. ಪ್ರತಿ ಕಿಡಿಗೂ ಅವು ಒಮ್ಮೆ ಕೂಡಿ ಒಮ್ಮೆ ಅಗಲಬೇಕು. ಕೂಡಿ ಅಗಲಿ ಸುಟ್ಟು ಒಂದರ ಮೇಲೆ ಗುಳಿ, ಇನ್ನೊಂದರ ಮೇಲೆ ಗುಬ್ಬಿ ಏಳುತ್ತದೆ. ಅದನ್ನು ಸಣ್ಣ ಅರದಿಂದ ಸವರಿ, ಮುಂದಿನ ಬಂಪರಿನ ಕೆಳಗೆ ಹ್ಯಾಂಡಲ್ ಹಾಕಿ ಎಂಜಿನ್ ಮೆಲ್ಲಗೆ ತಿರುಗಿಸಿ, ತುದಿಗಳು ಪೂರ್ತಿ ಅಗಲಿದ ಜಾಗದಲ್ಲಿ ನಿಲ್ಲಿಸಬೇಕು. ನಡುವಿನ ಸಂದು ಇಂಚಿನ ಸಾವಿರದಲ್ಲಿ 15 ಭಾಗ. ಫೀಲರ್ ಗೇಜಿನ ಎಲೆ ಒಳಗೆ ಹೋಗಬೇಕು, ಹೊರಗೆಳೆಯುವಾಗ ಚೂರು ಹಿಡಿಯಬೇಕು. ಆ ಹಿಡಿತ ಎಷ್ಟಿರಬೇಕೆಂದು ಬಾಯಲ್ಲಿ ಹೇಳಲು ಬರುವುದಿಲ್ಲ. ಕಾಕಾ ನನ್ನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಎಳೆಸಿದ. ಮುಚ್ಚಳ ಹಾಕಿ ಚಾಬಿ ತಿರುಗಿಸಿದರೆ ತಡವರಿಸುತ್ತಿದ್ದ ಎಂಜಿನ್ನು ಒಂದೇ ಸಮನೆ ಉಸಿರಾಡತೊಡಗುತ್ತಿತ್ತು.

ನಮ್ಮಲ್ಲಿ ಇಡೀ ಊರಿನ ವಾಹನಗಳಿಗೆ ಸರ್ವಿಸಿನ ಮುಹೂರ್ತವೆಂದರೆ ಮಹಾನವಮಿಯ ಖಂಡೇ ಪೂಜೆ. ಹಿಂದಿನ ಎರಡು ದಿನ ಓಣಿಯ ತುಂಬ ಜ್ಯಾಕು, ಬಕೇಟು, ಗ್ರೀಸ್ ಗನ್ನು. ಅಂಬಾಸಿಡರಿನ ಮುಂದಿನ ಗಾಲಿಗಳ ಒಳಬದಿಯ ಗ್ರೀಸ್ ನಿಪ್ಪಲ್ಲುಗಳನ್ನು ಹುಡುಕಿ, ಒರೆಸಿ, ಕರಿಗ್ರೀಸು ಹೊರಬಿದ್ದು ಹೊಸದು ಇಣುಕುವವರೆಗೆ ಗನ್ನು ಒತ್ತಬೇಕು. ನಾನು ಗಾಡಿಯ ಕೆಳಗೆ ಮಲಗಿದ್ದನ್ನು ಕಂಡು ಅಜ್ಜಿ ಕಾಕಾನ ಮೇಲೆ ಸಿಟ್ಟಾಗಿದ್ದಳು.

‘‘ಹೆಣ್ಣುಡುಗಿಗಿ ಏನ್ ಕಲಸ್ಲತ್ತಿದಿಯೋ? ನಾಳಿ ಇಕಿನ ಯಾರ್ ಮಾಡ್ಕೋತಾರ?’’

‘‘ಕಲೀಲಿ ಬಿಡವ್ವ. ನಾಳಿ ನಡುದಾರಿದಾಗ ಗಾಡಿ ನಿಂತ್ರ ಇಕಿ ಯಾರ ದಾರಿ ನೋಡಾದು ಬ್ಯಾಡ,’’ ಎಂದ ಕಾಕಾ.

ಮರುದಿನ ಪಾನಾಗಳನ್ನು ತೊಳೆದು, ಗಾಡಿಯ ಮುಂದೆ ಸಾಲಾಗಿಟ್ಟು, ವಿಭೂತಿ ಕುಂಕುಮ ಹಚ್ಚಿ ಕಾಯಿ ಒಡೆದೆವು. ಸಂಜೆಗೆ ಆ ಪಾನಾಗಳ ಮುಂದೆ ಅಜ್ಜಿಯೂ ಕೈಮುಗಿದಳು.

ಯಂತ್ರ ಬದಲಾಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮೇಷ್ಟ್ರುಗಳ, ವ್ಯಾಪಾರಿಗಳ ಮನೆ ಮುಂದೆಯೂ ಕಾರು ನಿಲ್ಲುವ ಕಾಲ ಮೆಲ್ಲಮೆಲ್ಲಗೆ ಬಂತು. ಹೊಗೆಯ ನಿಯಮಗಳು 2000ದಿಂದ ಬಿಗಿಯಾದಂತೆ ಕಾರ್ಬೊರೇಟರ್ ಹೋಗಿ ಇಂಜೆಕ್ಟರ್ ಬಂತು, ಪಾಯಿಂಟು ಹೋಗಿ ಸೆನ್ಸರ್ ಬಂತು. 2014ರಲ್ಲಿ ಮಾರುತಿ 800 ನಿಂತಿತು, ಅದೇ ವರ್ಷ ಮೇ ತಿಂಗಳಲ್ಲಿ ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರೂ ನಿಂತಿತು. 2020ರ ಏಪ್ರಿಲ್‌ನಿಂದ ಬಿಎಸ್–6. ಈಗಿನ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ಕಿನ ಮುಚ್ಚಳ. ಏರ್‌ಬ್ಯಾಗು, ಎಬಿಎಸ್, ಟೈಮಿಂಗ್ ಬೆಲ್ಟು, ಎಸಿ ಗ್ಯಾಸು ಮನೆಯಲ್ಲಿ ಕೈ ಹಾಕುವ ಕೆಲಸಗಳಲ್ಲ, ಹಾಕಲೂಬಾರದು. ಉಸ್ತಾದರ ಮಕ್ಕಳೂ ಈಗ ಸ್ಕ್ಯಾನರ್ ಹಿಡಿದಿದ್ದಾರೆ.

ಹಾಗಂತ ಒಡೆಯನ ಪಾಲಿನ ಕೆಲಸ ಮುಗಿದಿಲ್ಲ. ಎಂಜಿನ್ನು ಇರುವ ತನಕ ಆಯಿಲ್ ಇದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಗ್ಯಾರೇಜುಗಳ ಶಟರ್ ಬಿದ್ದಾಗ ನಮ್ಮ ಓಣಿಯ ಹುಡುಗರಿಗೆ ಇದು ಮತ್ತೆ ನೆನಪಾಯಿತು. ಅವರಿಗೆ ನಾನು ಹೇಳಿಕೊಟ್ಟದ್ದು ಕಾಕಾ ಹೇಳಿದ್ದನ್ನೇ. ಗಾಡಿ ಸಮನೆಲದ ಮೇಲಿರಲಿ. ಹಿಂದಿನ ಗಾಲಿಗೆ ಕಲ್ಲು ಕೊಡಿ. ಬರೀ ಜ್ಯಾಕಿನ ಭರವಸೆಯ ಮೇಲೆ ಕೆಳಗೆ ನುಗ್ಗಬೇಡಿ, ಗಟ್ಟಿ ಸ್ಟ್ಯಾಂಡು ಕೊಟ್ಟೇ ನುಗ್ಗಿ. ಎಂಜಿನ್ನು ಸ್ವಲ್ಪ ಹೊತ್ತು ಓಡಿ ಬೆಚ್ಚಗಾಗಲಿ, ಆಯಿಲ್ ತೆಳ್ಳಗಾಗಿ ಹೊಲಸನ್ನೂ ಹೊತ್ತುಕೊಂಡು ಇಳಿಯುತ್ತದೆ. ಕೈ ಸುಡುವಷ್ಟು ಬಿಸಿ ಬೇಡ. ಡ್ರೈನ್ ಬೋಲ್ಟಿನ ವಾಷರ್ ಹೊಸದಿರಲಿ. ಹೊಸ ಫಿಲ್ಟರಿನ ರಬ್ಬರ್ ಬಳೆಗೆ ಬೆರಳಲ್ಲಿ ಆಯಿಲ್ ಸವರಿ ಕೈಯಿಂದಲೇ ಬಿಗಿಯಿರಿ, ಪಾನಾ ಬೇಡ. ಸಣ್ಣ ಕಾರಿಗೆ ಸುಮಾರು 3 ಲೀಟರ್ ಆಯಿಲ್ ಸಾಕು, ಯಾವ ದರ್ಜೆ ಎಂಬುದು ಗಾಡಿಯ ಪುಸ್ತಕದಲ್ಲಿದೆ. ತುಂಬಿಸಿ ಒಂದು ನಿಮಿಷ ಎಂಜಿನ್ನು ಓಡಿಸಿ, ನಿಲ್ಲಿಸಿ, ಆಯಿಲ್ ಇಳಿದ ಮೇಲೆ ಅಳತೆಯ ಕಡ್ಡಿ ಎಳೆದು ನೋಡಿ. ತೊಗರಿ ರಾಶಿಯ ದಿನಗಳಲ್ಲಿ ಹೊಲದ ದಾರಿಯಲ್ಲಿ ಓಡಾಡುವ ಗಾಡಿಯ ಏರ್ ಫಿಲ್ಟರನ್ನು ಪುಸ್ತಕ ಹೇಳಿದ್ದಕ್ಕಿಂತ ಮುಂಚೆಯೇ ತೆಗೆದು ನೋಡಬೇಕು. ಆ ಧೂಳು ನಮ್ಮ ಸೀಮೆಯದು, ಪುಸ್ತಕ ಬರೆದವರು ಅದನ್ನು ಕಂಡವರಲ್ಲ.

ಒಂದು ಮಾತು ಮಾತ್ರ ಕಾಕಾನ ಕಾಲದವರು ಹೇಳಿಕೊಟ್ಟಿರಲಿಲ್ಲ. ಇಳಿದ ಆಯಿಲನ್ನು ಅವರು ಬಾಗಿಲ ಕಟ್ಟಿಗೆಗೆ ಗೆದ್ದಲು ಹತ್ತದ ಹಾಗೆ ಬಳಿಯುತ್ತಿದ್ದರು, ಮಿಕ್ಕದ್ದು ಗಟಾರಕ್ಕೆ. ಬೀದರಿನಿಂದ ಈ ಕಡೆ ಹಬ್ಬಿರುವ ಕೆಂಪು ಜಂಬಿಟ್ಟಿಗೆಯ ನೆಲ ತೂತುತೂತು. ಮಳೆನೀರು ಅದರೊಳಗೆ ಸಲೀಸಾಗಿ ಇಳಿಯುವುದರಿಂದಲೇ ಬೀದರಿನಲ್ಲಿ ಸುರಂಗ ಬಾವಿಗಳು ಸಾಧ್ಯವಾದವು. ನೀರು ಇಳಿಯುವ ದಾರಿಯಲ್ಲೇ ಆಯಿಲೂ ಇಳಿಯುತ್ತದೆ. 2016ರ ನಿಯಮಗಳ ಪ್ರಕಾರ ಬಳಸಿದ ಆಯಿಲು ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್‌ನಿಂದ ಅದರ ಮರುಸಂಸ್ಕರಣೆಯ ಹೊಣೆ ಆಯಿಲ್ ತಯಾರಕರ ಮೇಲೂ ಬಿದ್ದಿದೆ. ಮನೆಯಲ್ಲಿ ಸರ್ವಿಸು ಮಾಡುವವರು ಹಳೇ ಆಯಿಲನ್ನು ಹೊಸ ಆಯಿಲ್ ಬಂದ ಡಬ್ಬಿಗೇ ತುಂಬಿ, ಒಟ್ಟುಮಾಡುವ ಗ್ಯಾರೇಜಿಗೆ ಕೊಟ್ಟು ಬರಬೇಕು. ಅಷ್ಟು ಮಾಡಲು ಆಗದಿದ್ದರೆ ಬೋಲ್ಟಿಗೆ ಕೈ ಹಚ್ಚುವುದೇ ಬೇಡ.

ಈ ವಿದ್ಯೆ ಉಳಿಯಬೇಕು ಎಂದು ನಾನು ಹೇಳುವುದು ಉಳಿಯುವ ದುಡ್ಡಿನ ಸಲುವಾಗಿ ಅಷ್ಟೇ ಅಲ್ಲ. ಕಡ್ಡಿ ಎಳೆದು ಆಯಿಲ್ ನೋಡುವವರಿಗೆ ಬ್ರೇಕಿನ ಎಣ್ಣೆ ಇಳಿದದ್ದೂ ಕಾಣುತ್ತದೆ, ಟೈರಿನ ಮಗ್ಗುಲು ಸೀಳಿದ್ದೂ ಕಾಣುತ್ತದೆ. ನಾಲ್ಕು ಪಥದ ಈ ಹೆದ್ದಾರಿಯಲ್ಲಿ ಗಾಡಿಗಳ ವೇಗ ನೋಡಿದರೆ ಆ ಕಣ್ಣು ಜೀವ ಉಳಿಸುವ ಕಣ್ಣು. ಹುಮನಾಬಾದ, ಬಸವಕಲ್ಯಾಣಗಳಲ್ಲಿ ಐಟಿಐ ಇವೆ, ಆಟೋನಗರದಲ್ಲಿ ಉಸ್ತಾದರಿದ್ದಾರೆ. ಖಂಡೇ ಪೂಜೆಯ ಹಿಂದಿನ ಭಾನುವಾರ ಎರಡೂ ಕಡೆಯವರು ಕೂಡಿ ಊರವರನ್ನು ಕರೆದು ಒಂದು ಹೊತ್ತು ಪಾಠ ಮಾಡಲಿ, ಹುಡುಗರ ಜೊತೆ ಹುಡುಗಿಯರನ್ನೂ ಕೂಡಿಸಿಕೊಳ್ಳಲಿ, ಆ ದಿನ ಇಳಿದ ಆಯಿಲನ್ನೆಲ್ಲ ಅಲ್ಲೇ ಒಂದು ಪೀಪಾಯಿಗೆ ತುಂಬಿಸಲಿ. ಇದಕ್ಕೆ ದೊಡ್ಡ ಖರ್ಚಿಲ್ಲ. ಕಲಿಸುವವರು ಊರಲ್ಲೇ ಇದ್ದಾರೆ, ಅವರಿಗೆ ವಯಸ್ಸಾಗುತ್ತಿದೆ; ಈ ವರ್ಷದ ನವಮಿಗೇ ಶುರುಮಾಡಬೇಕು.