ಯಾವ ಅಮಾವಾಸ್ಯೆ? ಶಾಸನಗಳ ಕತ್ತಲ ದಿನವೂ ಒಂದು ತಿಂಗಳ ವ್ಯತ್ಯಾಸವೂ

ಅಮಾವಾಸ್ಯೆ ದಿನ ಹೊಸ ಕೆಲಸ ಬೇಡ, ಪ್ರಯಾಣ ಬೇಡ, ಅಂಗಡಿ ತೆರೆಯೋದು ಬೇಡ ಅಂತ ನಮ್ಮಲ್ಲಿ ಬಹಳ ಜನ ಇಂದಿಗೂ ಹೇಳುತ್ತಾರೆ. ಆದರೆ ಶಾಸನಗಳ ಸಂಪುಟ ತಿರುವಿ ಹಾಕಿದರೆ ಅಮಾವಾಸ್ಯೆಯಂದು ಕೊಟ್ಟ ದಾನಗಳು ಸಾಲುಸಾಲಾಗಿ ಸಿಗುತ್ತವೆ. ಅದರಲ್ಲೂ ಸೂರ್ಯಗ್ರಹಣ ಕೂಡಿದ ಅಮಾವಾಸ್ಯೆ ಎಂದರೆ ದಾನಿಗಳು ಕಾಯ್ದು ಕೂರುತ್ತಿದ್ದ ದಿನ. ಮದುವೆಗೆ ಒಲ್ಲದ ದಿನವೇ ದಾನಕ್ಕೆ ಹೇಳಿ ಮಾಡಿಸಿದ್ದು. ಇವೆರಡರಲ್ಲಿ ವಿರೋಧವೇನೂ ಇಲ್ಲ: ಅದು ಪಿತೃಗಳ ದಿನ, ಗ್ರಹಣದಲ್ಲಿ ಕೊಟ್ಟದ್ದು ಅಕ್ಷಯ ಎಂಬ ನಂಬಿಕೆಯೂ ಜೊತೆಗಿತ್ತು.

ನನಗೆ ಬಹಳ ಇಷ್ಟವಾದ ಉದಾಹರಣೆ ಧಾರವಾಡ ಸೀಮೆಯ ಸಿರೂರಿನದು. ರಾಷ್ಟ್ರಕೂಟ ಅಮೋಘವರ್ಷನ 52ನೇ ಆಳ್ವಿಕೆಯ ವರ್ಷ, ಶಕ 788, ವ್ಯಯ ಸಂವತ್ಸರ, ಜ್ಯೇಷ್ಠ ಮಾಸದ ಅಮಾವಾಸ್ಯೆ, ಆದಿತ್ಯವಾರ, ಸೂರ್ಯಗ್ರಹಣ. ಬೆಳ್ವೊಲ ಮುನ್ನೂರನ್ನು ಆಳುತ್ತಿದ್ದ ದೇವಣ್ಣಯ್ಯ ಅಣ್ಣಿಗೆರೆಯಲ್ಲಿದ್ದುಕೊಂಡು ಅಂದು ಬಿಟ್ಟುಕೊಟ್ಟದ್ದು ತುಪ್ಪದೆರೆಯನ್ನು, ಅಂದರೆ ತುಪ್ಪದ ಮೇಲಿನ ತೆರಿಗೆಯನ್ನು. ಗದಗ ಬಳಿಯ ನೀಲಗುಂದದ ಶಾಸನವೂ ಇದೇ ಕಾಲದ್ದು, ಮಾತೂ ಹೆಚ್ಚುಕಮ್ಮಿ ಅದೇ. ತಿಥಿ, ವಾರ, ಗ್ರಹಣ ಮೂರೂ ಕೂಡಿ ಬರುವುದರಿಂದ ಲೆಕ್ಕ ಹಾಕೋದು ಸುಲಭ. ಕ್ರಿ.ಶ. 866ರ ಜೂನ್ 16, ಭಾನುವಾರ.

ಜ್ಯೇಷ್ಠದ ಅಮಾವಾಸ್ಯೆ ಎಂದರೆ ಇಂದು ಅದೇ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ಕರಿಮಣ್ಣಿನ ನಾಡಿನ ಮನೆಮನೆಯಲ್ಲಿ ಎತ್ತು ಮಾಡಿ ಪೂಜಿಸುವ ದಿನ. 866ರಲ್ಲೂ ಹೀಗೇ ಮಾಡುತ್ತಿದ್ದರು ಎನ್ನಲು ಶಾಸನದಲ್ಲಿ ಒಂದಕ್ಷರವೂ ಆಧಾರವಿಲ್ಲ, ಹಾಗೆ ಯಾರಾದರೂ ಬರೆದರೆ ನಂಬಬೇಡಿ. ದಿನ ಒಂದೇ, ಅಷ್ಟು ಮಾತ್ರ.

ಉಪವಾಸದ ವಿಷಯಕ್ಕೆ ಬರೋಣ. ಗ್ರಹಣಕ್ಕೆ ನಾಲ್ಕು ಯಾಮ ಮೊದಲೇ ಊಟ ಬಿಡುವುದು, ಸ್ನಾನ, ತರ್ಪಣ, ಆಮೇಲೆ ದಾನ: ಇದು ಧರ್ಮಶಾಸ್ತ್ರ ಹೇಳುವ ಕ್ರಮ. ಅಮಾವಾಸ್ಯೆಗೆ ತರ್ಪಣ ಕೊಡುವವರ ಮನೆಗಳಲ್ಲಿ ಒಪ್ಪೊತ್ತು ಇಂದಿಗೂ ಉಂಟು. ಆದರೆ ಸಿರೂರು ಶಾಸನ ದೇವಣ್ಣಯ್ಯ ಉಂಡನೋ ಬಿಟ್ಟನೋ ಹೇಳುವುದಿಲ್ಲ. ಏಕೆ ಹೇಳಬೇಕು? ಅದು ಆಸ್ತಿ ಪತ್ರ. ಯಾರು, ಯಾರಿಗೆ, ಏನನ್ನು, ಯಾವಾಗ ಕೊಟ್ಟರು, ಅಳಿಸಿದವರಿಗೆ ಏನು ಪಾಪ, ಇಷ್ಟೇ ಅದಕ್ಕೆ ಬೇಕಾದ್ದು. ಉಪವಾಸವೇ ಘಟನೆಯಾದಾಗ ಕಲ್ಲು ಅದನ್ನು ಬರೆಯುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ನೋಂತು ಮುಡಿಪಿದವರ ಶಾಸನಗಳನ್ನು ನೋಡಿ, ಅಲ್ಲಿ ವ್ರತವೇ ಮುಖ್ಯ ಸುದ್ದಿ.

ಹಾಗಂತ ಪಕ್ಷದ ಕೊನೆಯ ಉಪವಾಸಕ್ಕೆ ಶಾಸನದ ಸಾಕ್ಷಿಯೇ ಇಲ್ಲವೆಂದಲ್ಲ. ಅಶೋಕನ ಐದನೇ ಸ್ತಂಭಶಾಸನ, ಪಟ್ಟಾಭಿಷೇಕವಾಗಿ 26 ವರ್ಷ ಕಳೆದಾಗಿನದು, ಉಪೋಸಥ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಬಾರದು ಎನ್ನುತ್ತದೆ. ಪಕ್ಷದ ಅಷ್ಟಮಿ, ಹದಿನಾಲ್ಕು, ಹದಿನೈದರಂದು ಹೋರಿಗಳ ಬೀಜ ಒಡೆಯಬಾರದು ಎಂದೂ ಹೇಳುತ್ತದೆ. ಉಪೋಸಥ ಎಂಬ ಮಾತಿನ ಬೇರು ವೈದಿಕರ ಉಪವಸಥದಲ್ಲಿದೆ. ದರ್ಶ ಮತ್ತು ಪೂರ್ಣಮಾಸ ಇಷ್ಟಿಗಳ ಹಿಂದಿನ ದಿನ ಯಜಮಾನ ಆಹಾರದಲ್ಲಿ ನಿಯಮ ಹಿಡಿದು ಅಗ್ನಿಯ ಬಳಿ ಇರುವುದೇ ಉಪವಸಥ. ‘ಉಪವಾಸ’ಕ್ಕೆ ಹತ್ತಿರ ವಾಸಿಸುವುದು ಅನ್ನೋ ಅರ್ಥ ಬಂದದ್ದು ಅಲ್ಲಿಂದಲೇ. ಹೊಟ್ಟೆ ಖಾಲಿ ಬಿಡೋದು ಅದರ ಜೊತೆಗಿನ ನಿಯಮವಷ್ಟೆ. ಬೌದ್ಧರೂ ಜೈನರೂ ಅದನ್ನು ತಮ್ಮ ತಮ್ಮ ರೀತಿಯಲ್ಲಿ ಉಳಿಸಿಕೊಂಡರು.

ಈಗ ನನ್ನ ಮುಖ್ಯ ತಕರಾರು. ಶಾಸನದ ತೇದಿಯನ್ನು ಇಂದಿನ ಹಬ್ಬಕ್ಕೆ ನೇರವಾಗಿ ಹೊಂದಿಸುವ ಚಟ ನಮ್ಮ ಆಸಕ್ತರ ವಲಯದಲ್ಲಿ ಹೆಚ್ಚಾಗುತ್ತಿದೆ. ಇಮ್ಮಡಿ ಪುಲಕೇಶಿಯ ಹೈದರಾಬಾದ್ ತಾಮ್ರಪಟವನ್ನೇ ತೆಗೆದುಕೊಳ್ಳಿ. ಆಳ್ವಿಕೆಯ ಮೂರನೇ ವರ್ಷ, ಶಕ 534, ಭಾದ್ರಪದ ಅಮಾವಾಸ್ಯೆ, ಸೂರ್ಯಗ್ರಹಣ. ‘ಭಾದ್ರಪದದ ಅಮಾವಾಸ್ಯೆ, ಅಂದರೆ ಮಹಾಲಯ ಅಮಾವಾಸ್ಯೆ’ ಎಂದು ಬರೆದುಬಿಡುವುದು ಎಷ್ಟು ಸುಲಭ! ಆದರೆ ಗ್ರಹಣ ಆ ಮಾತಿಗೆ ಒಪ್ಪುವುದಿಲ್ಲ. ಚರ್ಚೆಯಲ್ಲಿರುವ ಗ್ರಹಣಗಳು ಎರಡು, 612ರ ಆಗಸ್ಟ್ 2 ಮತ್ತು 613ರ ಜುಲೈ 23. ಇವುಗಳಲ್ಲಿ ಯಾವುದು ಎಂಬುದರ ಮೇಲೆ ವಿದ್ವಾಂಸರು ವಾದಿಸಿದ್ದಾರೆ, ಪುಲಕೇಶಿ ಪಟ್ಟವೇರಿದ ವರ್ಷ ಅದನ್ನೇ ನೆಚ್ಚಿಕೊಂಡಿದೆ. ನಮ್ಮ ಮಾತಿಗೆ ಬೇಕಾದ್ದು ಬೇರೆ: ನಮ್ಮ ಪಂಚಾಂಗದ ಪ್ರಕಾರ ಆ ಎರಡು ದಿನಗಳೂ ಭಾದ್ರಪದದ ಅಮಾವಾಸ್ಯೆಯಲ್ಲ, ಶ್ರಾವಣದ ಅಮಾವಾಸ್ಯೆ.

ಕಾರಣ ತಿಂಗಳ ಲೆಕ್ಕ. ನಮ್ಮದು ಅಮಾಂತ, ಅಮಾವಾಸ್ಯೆಗೆ ತಿಂಗಳು ಮುಗಿಯುತ್ತದೆ. ಪೂರ್ಣಿಮಾಂತದಲ್ಲಿ ಹುಣ್ಣಿಮೆಗೆ ಮುಗಿಯುತ್ತದೆ, ಹಾಗಾಗಿ ಕೃಷ್ಣಪಕ್ಷ ಮೊದಲು ಬರುತ್ತದೆ. ಶುಕ್ಲಪಕ್ಷದಲ್ಲಿ ಎರಡೂ ಲೆಕ್ಕಕ್ಕೆ ಹೆಸರು ಒಂದೇ, ಕೃಷ್ಣಪಕ್ಷದಲ್ಲಿ ಒಂದು ತಿಂಗಳ ಹೆಸರು ಆಚೀಚೆ. ಬಾದಾಮಿಯವರ ಕಾಲದಲ್ಲಿ ಇಲ್ಲೂ ಪೂರ್ಣಿಮಾಂತ ನಡೆಯುತ್ತಿತ್ತು. ಮೂರನೇ ಗೋವಿಂದನ ಕನ್ನಡ ತಾಮ್ರಪಟ, ಶಕ 726ರ ವೈಶಾಖ ಕೃಷ್ಣ ಪಂಚಮಿ ಗುರುವಾರದ್ದು, 804ರ ಏಪ್ರಿಲ್ 4ಕ್ಕೆ ಸರಿಹೋಗುವುದೂ ಪೂರ್ಣಿಮಾಂತದಲ್ಲೇ. 866ರ ಸಿರೂರು ಬಂದಾಗ ಲೆಕ್ಕ ಅಮಾಂತವಾಗಿದೆ. ಫ್ಲೀಟ್ ಈ ಎರಡು ಶಾಸನಗಳನ್ನು ಎದುರುಬದುರು ಇಟ್ಟೇ ದಕ್ಷಿಣದಲ್ಲಿ ಬದಲಾವಣೆ ಇವೆರಡರ ನಡುವೆ ಆಯಿತೆಂದು ತೋರಿಸಿದರು. ಒಂದೇ ದಿನ ಎಲ್ಲ ಊರುಗಳೂ ಬದಲಾದವು ಎಂದು ನಾನಂತೂ ಓದಿಕೊಳ್ಳುವುದಿಲ್ಲ.

ಉತ್ತರದವರ ಜೊತೆ ಹೋಲಿಸಿ ನೋಡಿದರೆ ಇದು ಇಂದೂ ಜೀವಂತ. ನಮ್ಮ ದೀಪಾವಳಿ ಅಮಾವಾಸ್ಯೆ ಆಶ್ವೀಜದ್ದು, ಅವರಿಗೆ ಅದೇ ರಾತ್ರಿ ಕಾರ್ತಿಕದ್ದು. ನಮ್ಮ ಆಷಾಢದ ಭೀಮನ ಅಮಾವಾಸ್ಯೆಯೇ ಅವರ ಶ್ರಾವಣದ ಹರಿಯಾಲಿ ಅಮಾವಾಸ್ಯೆ. ವ್ರತ ಹಿಡಿದವರಿಗೆ ತೊಂದರೆಯಿಲ್ಲ, ಚಂದ್ರ ಕಾಣದ ದಿನ ಎಲ್ಲರಿಗೂ ಒಂದೇ. ಕಷ್ಟ ಕಲ್ಲು ಓದುವವರಿಗೆ.

ಹಾಗಾಗಿ ಒಂಬತ್ತನೇ ಶತಮಾನ ಮುಗಿಯುವವರೆಗಿನ ಯಾವ ಕೃಷ್ಣಪಕ್ಷದ ತೇದಿ ಸಿಕ್ಕರೂ ಮೊಬೈಲ್ ಪಂಚಾಂಗದ ಮೊದಲ ಉತ್ತರಕ್ಕೆ ನಿಲ್ಲಬೇಡಿ. ಶಾಸನದಲ್ಲಿ ವಾರ ಇದೆಯೇ, ಗ್ರಹಣ ಇದೆಯೇ ನೋಡಿ, ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ. 700ರಿಂದ ಈಚಿನದಾದರೆ ಸ್ವಾಮಿಕಣ್ಣು ಪಿಳ್ಳೈ ಅವರ ಇಂಡಿಯನ್ ಎಫಿಮರಿಸ್ ಸಾಕು. ಅದಕ್ಕೂ ಹಿಂದಿನದು, ವಾರವೂ ಇಲ್ಲ, ಗ್ರಹಣವೂ ಇಲ್ಲ ಎಂದಾದರೆ ಇಸವಿ ಬರೆದು ತಿಂಗಳನ್ನು ಶಾಸನದಲ್ಲಿ ಇದ್ದಂತೆಯೇ ಬಿಡಿ.